ಗುಂಪಿಗೆ ಬಂದು ಬೀಳುವ ಸುದ್ದಿಯನ್ನು ಪರೀಕ್ಷಿಸುವ ಕ್ರಮ ಯಾವುದು?

ಓದುಬಳಗ ಕೇಳಿದ್ದು:

ಮುನ್ನೂರು ಜನರ ಚರ್ಚಾ ಗುಂಪೊಂದಕ್ಕೆ ನಿಯಮ ರೂಪಿಸುವ ಕೆಲಸ ನಡೆದಿದೆ. ಎಲ್ಲ ಪಕ್ಷದವರೂ ಇರುವ ಗುಂಪು. ಮತದಾನ ಹತ್ತಿರ ಬಂದಂತೆ ದಿನಕ್ಕೆ ಇಪ್ಪತ್ತು ಮೂವತ್ತು ಫಾರ್ವರ್ಡ್‌ಗಳು ಬೀಳುತ್ತವೆ: ಗಲಭೆಯದ್ದೆನ್ನುವ ಫೋಟೊ, ಅರ್ಧ ನಿಮಿಷದ ವಿಡಿಯೊ, ಪತ್ರಿಕೆಯ ಕಟಿಂಗ್‌ನಂತೆ ಕಾಣುವ ಚಿತ್ರ, ‘ಸಮೀಕ್ಷೆ ಹೇಳುತ್ತದೆ’ ಎನ್ನುವ ಅಂಕಿ, ನಾಯಕರದ್ದೆನ್ನುವ ಧ್ವನಿ. ‘ನಂಬಲರ್ಹ ಮೂಲ ನೋಡಿ’, ‘ಯೋಚಿಸಿ ಶೇರ್ ಮಾಡಿ’ ಎಂಬ ಬುದ್ಧಿಮಾತು ಎಲ್ಲೆಡೆ ಸಿಗುತ್ತದೆ, ಅದರಿಂದ ಕೆಲಸ ಆಗುವುದಿಲ್ಲ. ಬೇಕಾದದ್ದು ಇಷ್ಟು: ಯಾವುದನ್ನು ಮೊದಲು ನೋಡಬೇಕು, ಯಾವ ಉಪಕರಣ ಬಳಸಬೇಕು, ಎಲ್ಲಿ ಎಡವುತ್ತೇವೆ? ತೀರ್ಮಾನ ಸಿಗದಿದ್ದರೆ ಏನು ಮಾಡಬೇಕು? ಸುಳ್ಳೆಂದು ಗೊತ್ತಾದ ಮೇಲೆ ಹಾಕಿದವರಿಗೆ ಜಗಳವಾಗದಂತೆ ಹೇಗೆ ಹೇಳಬೇಕು? ಪರಿಶೀಲನೆಗೆ ಮೂವರು ಇದ್ದಾರೆ. ಒಂದೊಂದಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಿಗದು.

ಸುದ್ದಿಮೇಜು ಉತ್ತರಿಸಿದ್ದು:

ಮೊದಲು ಬಿಡಬೇಕಾದ ಅಭ್ಯಾಸವೆಂದರೆ ಬಂದದ್ದನ್ನೇ ದಿಟ್ಟಿಸಿ ನೋಡುತ್ತ ಕೂರುವುದು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ಜನರಿದ್ದರು: 10 ಇತಿಹಾಸಕಾರರು, 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳು. ಮಕ್ಕಳ ವೈದ್ಯರ ಎರಡು ಸಂಸ್ಥೆಗಳ ತಾಣಗಳನ್ನು ತೋರಿಸಿ ಯಾವುದು ಹೆಚ್ಚು ನಂಬಲರ್ಹ ಎಂದು ಕೇಳಲಾಗಿತ್ತು. ಹೆಸರುಗಳು ಹೆಚ್ಚುಕಡಿಮೆ ಒಂದೇ ಥರ. ಒಂದು 1930ರಲ್ಲಿ ಹುಟ್ಟಿದ ದೊಡ್ಡ ವೃತ್ತಿ ಸಂಸ್ಥೆ, ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೋದ ಸಣ್ಣ ಗುಂಪು. ಇತಿಹಾಸಕಾರರಲ್ಲೂ ವಿದ್ಯಾರ್ಥಿಗಳಲ್ಲೂ ಹಲವರು ಪುಟದ ಅಂದ, ಲೋಗೊ, ಲೇಖನದ ಕೆಳಗಿನ ಆಧಾರಪಟ್ಟಿ ನೋಡಿ ಮೋಸ ಹೋದರು. ಫ್ಯಾಕ್ಟ್‌ಚೆಕರ್‌ಗಳು ಕೆಲವೇ ಕ್ಷಣಗಳಲ್ಲಿ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು, ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಹೆಚ್ಚು ಓದಿದವರಲ್ಲ, ಬೇಗ ಹೊರಬಂದವರು ಸರಿಯಾದ ಉತ್ತರ ಕಂಡುಕೊಂಡರು. ನಿಮ್ಮ ಹತ್ತು ನಿಮಿಷದಲ್ಲಿ ಎಂಟು ನಿಮಿಷ ಆ ಫಾರ್ವರ್ಡ್‌ನ ಹೊರಗೆ ಕಳೆಯಲಿ.

ಎರಡನೆಯದು, ಚಿತ್ರವನ್ನೂ ಅದರ ಒಕ್ಕಣೆಯನ್ನೂ ಬೇರೆ ಬೇರೆ ಮಾಡಿ. ‘ಫೋಟೊ ಎಡಿಟ್ ಆಗಿದೆಯೇ’ ಎಂಬುದೇ ಎಲ್ಲರ ಮೊದಲ ಪ್ರಶ್ನೆ, ಆದರೆ ಬರುವ ಸುಳ್ಳುಗಳಲ್ಲಿ ಬಹುಪಾಲು ಎಡಿಟ್ ಆಗಿರುವುದಿಲ್ಲ. ಫೋಟೊ ಅಸಲಿ, ಊರು ಬೇರೆ, ವರ್ಷ ಬೇರೆ. 2015ರ ಏಪ್ರಿಲ್‌ನ ನೇಪಾಳ ಭೂಕಂಪದ ನಂತರ, ತಂಗಿಯನ್ನು ಅಪ್ಪಿ ಹಿಡಿದ ಪುಟ್ಟ ಹುಡುಗನ ಚಿತ್ರ ಜಗತ್ತಿನಾದ್ಯಂತ ಹರಿದಾಡಿತು. ಅದನ್ನು ತೆಗೆದದ್ದು 2007ರಲ್ಲಿ, ಉತ್ತರ ವಿಯೆಟ್ನಾಮಿನ ಹಾ ಜಿಯಾಂಗ್ ಪ್ರಾಂತ್ಯದಲ್ಲಿ. ಮಗು ಅತ್ತದ್ದು ಕ್ಯಾಮೆರಾ ಹಿಡಿದ ಅಪರಿಚಿತನನ್ನು ಕಂಡು. ಅದೇ ವಾರ ‘ಕಠ್ಮಂಡುವಿನ ಹೋಟೆಲಿನ ಈಜುಕೊಳ’ ಎಂದು ಓಡಿದ ಸಿಸಿಟಿವಿ ವಿಡಿಯೊ 2010ರ ಮೆಕ್ಸಿಕೊ ಭೂಕಂಪದ್ದು. ಎರಡರಲ್ಲೂ ಚಿತ್ರವನ್ನು ಎಷ್ಟು ಹಿಗ್ಗಿಸಿ ನೋಡಿದರೂ ತಪ್ಪು ಸಿಗುತ್ತಿರಲಿಲ್ಲ, ಏಕೆಂದರೆ ಚಿತ್ರದೊಳಗೆ ತಪ್ಪೇ ಇರಲಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇಂಥದ್ದಕ್ಕೇ ಹೇಳಿ ಮಾಡಿಸಿದ್ದು.

ಫೋಟೊ ಆದರೆ ಹೀಗೆ ಮಾಡಿ. ಚಿತ್ರವನ್ನು ಸೇವ್ ಮಾಡಿ, ಸ್ಕ್ರೀನ್‌ಶಾಟ್ ಬೇಡ. ಮೇಲೆ ಬರೆದ ಅಕ್ಷರ, ಅಂಚು, ಇಮೋಜಿ, ಲೋಗೊ ಎಲ್ಲ ಕತ್ತರಿಸಿ ತೆಗೆಯಿರಿ. ಇಲ್ಲವಾದರೆ ಹುಡುಕುವ ಯಂತ್ರ ಅಕ್ಷರಗಳನ್ನೇ ಹೋಲಿಸುತ್ತದೆ. ಚಿತ್ರ ಕೊಟ್ಟು ಹುಡುಕುವ ತಾಣಗಳಾದ ಗೂಗಲ್ ಲೆನ್ಸ್, ಟಿನ್‌ಐ, ಯಾಂಡೆಕ್ಸ್ ಮೂರರಲ್ಲೂ ಹಾಕಿ, ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಗುತ್ತದೆ. ಟಿನ್‌ಐನಲ್ಲಿ ‘ಅತಿ ಹಳೆಯದು ಮೊದಲು’ ಎಂದು ವಿಂಗಡಿಸುವ ಅನುಕೂಲವಿದೆ, ನಿಮ್ಮ ಕೆಲಸಕ್ಕೆ ಅದೇ ಮುಖ್ಯ. ಏನೂ ಸಿಗದಿದ್ದರೆ ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ಮತ್ತೆ ಹಾಕಿ. ಸಿಕ್ಕಿಬೀಳಬಾರದೆಂದೇ ತಿರುಗಿಸಿ ಹಾಕುವವರಿದ್ದಾರೆ. ಆಮೇಲೂ ಸಿಗದಿದ್ದರೆ ಒಂದು ಭಾಗವನ್ನು ಮಾತ್ರ, ಅಂದರೆ ಕಟ್ಟಡವನ್ನೋ ವಾಹನವನ್ನೋ ಕತ್ತರಿಸಿ ಹುಡುಕಿ.

ಇಲ್ಲಿ ಎಡವುವುದು ಮೂರು ಕಡೆ. ಒಂದು, ಫಲಿತಾಂಶದಲ್ಲಿ ಕಾಣುವ ದಿನಾಂಕ ಆ ಪುಟದ್ದು, ಚಿತ್ರದ್ದಲ್ಲ. 2012ರ ಪುಟದ ಪಕ್ಕದ ಕಾಲಂನಲ್ಲಿ ಇಂದಿನ ಸುದ್ದಿಯ ಚಿತ್ರ ಬಂದು ಕೂತಿರುತ್ತದೆ, ಯಂತ್ರ ಅದನ್ನು 2012ರದ್ದೆಂದು ತೋರಿಸುತ್ತದೆ. ಪುಟ ತೆರೆದು ಚಿತ್ರ ಲೇಖನದ ಒಳಗೇ ಇದೆಯೇ ನೋಡಿ. ಎರಡು, ‘ಇದೇ ಚಿತ್ರ’ ಮತ್ತು ‘ಇದರಂಥ ಚಿತ್ರ’ ಎರಡನ್ನೂ ಲೆನ್ಸ್ ಕಲೆಸಿ ಕೊಡುತ್ತದೆ. ಅಕ್ಕಪಕ್ಕ ಇಟ್ಟು ಮೂರು ಗುರುತುಗಳನ್ನು ತಾಳೆ ನೋಡಿ: ಗೋಡೆಯ ಕಲೆ, ಮೋಡದ ಆಕಾರ, ಹಿಂದೆ ನಿಂತವರ ಬಟ್ಟೆ. ಮೂರು, ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಚಿತ್ರ ಹೊಸದು ಎಂದಲ್ಲ. ಸಿಗಲಿಲ್ಲ ಎಂದಷ್ಟೇ ಅರ್ಥ.

ಮೆಟಾಡೇಟಾ (ತೆಗೆದ ದಿನ, ಜಾಗ, ಕ್ಯಾಮೆರಾ ಕುರಿತು ಫೈಲಿನೊಳಗೆ ಅಡಗಿರುವ ಮಾಹಿತಿ) ನೋಡಿ ಎಂದು ಕೆಲವರು ಹೇಳುತ್ತಾರೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಆ ಮಾಹಿತಿ ಅಳಿಸಿಹೋಗುತ್ತದೆ, ಹೆಚ್ಚಿನ ಸಾಮಾಜಿಕ ತಾಣಗಳಲ್ಲೂ ಅಷ್ಟೆ. ‘ನಾನೇ ತೆಗೆದದ್ದು’ ಎನ್ನುವವರಿದ್ದರೆ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಜೊತೆಗೆ ಅದೇ ಜಾಗದಲ್ಲಿ ಅದರ ಹಿಂದೆ ಮುಂದೆ ತೆಗೆದ ಇನ್ನೆರಡು ಚಿತ್ರ ಕೇಳಿ. ನಿಜಕ್ಕೂ ಅಲ್ಲಿದ್ದವರ ಹತ್ತಿರ ಒಂದೇ ಫೋಟೊ ಇರುವುದು ಅಪರೂಪ.

ವಿಡಿಯೊವನ್ನು ನೇರವಾಗಿ ಹುಡುಕಲು ಆಗದು, ಫ್ರೇಮ್‌ಗಳಾಗಿ, ಅಂದರೆ ಬಿಡಿ ಚಿತ್ರಗಳಾಗಿ, ಒಡೆಯಬೇಕು. ಕಂಪ್ಯೂಟರಿನಲ್ಲಿ ಇನ್‌ವಿಡ್-ವಿವೆರಿಫೈ ಎಂಬ ಉಚಿತ ಬ್ರೌಸರ್ ಪ್ಲಗಿನ್ ತಾನೇ ಕೀಫ್ರೇಮ್‌ಗಳನ್ನು ತೆಗೆದು ಹುಡುಕಾಟಕ್ಕೆ ಕಳಿಸುತ್ತದೆ. ಮೊಬೈಲಿನಲ್ಲಾದರೆ ನಿಲ್ಲಿಸಿ ನಿಲ್ಲಿಸಿ ಐದು ಸ್ಕ್ರೀನ್‌ಶಾಟ್ ತೆಗೆಯಿರಿ: ಮೊದಲ ಫ್ರೇಮ್, ದೃಶ್ಯ ಬದಲಾಗುವ ಜಾಗ, ಫಲಕ ಕಾಣುವುದು, ಸಮವಸ್ತ್ರ ಕಾಣುವುದು, ಅತಿ ದೂರದ ನೋಟ. ಮೊದಲ ಫ್ರೇಮ್ ಏಕೆಂದರೆ, ವಿಡಿಯೊ ಹಾಕಿದವರು ಮುಖಚಿತ್ರವಾಗಿ ಅದನ್ನೇ ಬಿಟ್ಟಿರುವುದು ಉಂಟು. ರಾತ್ರಿ ಆಕಾಶದಲ್ಲಿ ಗುಂಡು ಹಾರುವ ಯುದ್ಧದ ವಿಡಿಯೊ ಬಂದರೆ ‘ಆರ್ಮಾ 3’ ಎಂಬ ವಿಡಿಯೊ ಗೇಮಿನ ಹೆಸರನ್ನೂ ಸೇರಿಸಿ ಹುಡುಕಿ. ಅದರ ದೃಶ್ಯಗಳು ನಿಜಯುದ್ಧದ್ದೆಂದು ಎಷ್ಟು ಬಾರಿ ಹರಡಿದವೆಂದರೆ, ಗೇಮ್ ತಯಾರಿಸಿದ ಸಂಸ್ಥೆಯೇ 2022ರಲ್ಲಿ ಹೇಳಿಕೆ ಕೊಟ್ಟು ಗುರುತಿಸುವ ಬಗೆ ತಿಳಿಸಬೇಕಾಯಿತು: ಕ್ಯಾಮೆರಾ ಅಲುಗಾಡುತ್ತಲೇ ಇರುತ್ತದೆ, ಕತ್ತಲು ಹೆಚ್ಚು, ಗುಣಮಟ್ಟ ಕಡಿಮೆ, ಜನರ ಚಲನೆ ಅಸಹಜ.

ಪತ್ರಿಕೆಯ ಕಟಿಂಗ್, ಟ್ವೀಟಿನ ಸ್ಕ್ರೀನ್‌ಶಾಟ್ ಇವನ್ನು ಪುರಾವೆ ಎಂದು ಸ್ವೀಕರಿಸಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪ್ಯೂಟರಿನ ಬಹುತೇಕ ಬ್ರೌಸರುಗಳಲ್ಲಿ ಪುಟದ ಮೇಲೆ ಬಲಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದರೆ ಶೀರ್ಷಿಕೆಯನ್ನು ಬೇಕಾದಂತೆ ತಿದ್ದಿ ಚಿತ್ರ ತೆಗೆಯಬಹುದು. ಅರ್ಧ ನಿಮಿಷದ ಕೆಲಸ, ಫೋಟೊಶಾಪ್ ಬೇಕಿಲ್ಲ. ಶೀರ್ಷಿಕೆಯ ಐದಾರು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿ, ಆ ಪತ್ರಿಕೆಯ ತಾಣದಲ್ಲಿ ಇದೆಯೇ ನೋಡಿ. ‘ಅಳಿಸಿದ್ದಾರೆ’ ಎಂದರೆ ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಆ ವಿಳಾಸ ಹಾಕಿ. ಮುದ್ರಿತ ಕಟಿಂಗ್ ಆದರೆ ಆ ದಿನದ ಇ-ಪೇಪರ್ ತೆರೆಯಿರಿ. ದಿನಾಂಕವೇ ಇಲ್ಲದ ಕಟಿಂಗ್ ಅಲ್ಲಿಗೇ ನಿಲ್ಲಲಿ.

ಅಧಿಕೃತ ಖಾತೆಯೂ ಒಂದೇ ಮೂಲ ಅಷ್ಟೆ. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಯನ್ನು ಕದ್ದವರು ಶ್ವೇತಭವನದಲ್ಲಿ ಎರಡು ಸ್ಫೋಟವಾಗಿ ಒಬಾಮಾ ಗಾಯಗೊಂಡಿದ್ದಾರೆಂದು ಬರೆದರು. ಡೌ ಜೋನ್ಸ್ ಸೂಚ್ಯಂಕ 140ಕ್ಕೂ ಹೆಚ್ಚು ಅಂಶ ಬಿದ್ದು, ಕೆಲವೇ ನಿಮಿಷಗಳಲ್ಲಿ ಮೇಲೆದ್ದಿತು. ಶ್ವೇತಭವನದ ಆವರಣದಲ್ಲಿ ಯಾವಾಗಲೂ ಹಲವು ಸಂಸ್ಥೆಗಳ ವರದಿಗಾರರಿರುತ್ತಾರೆ. ಸ್ಫೋಟವಾಗಿದ್ದರೆ ಒಬ್ಬರೇ ಬರೆಯುವುದು ಸಾಧ್ಯವೇ? ದೊಡ್ಡ ಸುದ್ದಿ ಯಾವುದೇ ಬಂದರೂ ಇದನ್ನೇ ಕೇಳಿಕೊಳ್ಳಿ: ಇದು ನಿಜವಾಗಿದ್ದರೆ ಇನ್ನು ಯಾರಿಗೆ ಗೊತ್ತಿರಲೇಬೇಕಿತ್ತು?

ಹತ್ತು ತಾಣಗಳಲ್ಲಿ ಬಂದಿದೆ ಎಂಬುದಕ್ಕೂ ಮರುಳಾಗಬೇಡಿ. ಪ್ರತಿಯೊಂದರಲ್ಲೂ ‘ವರದಿಗಳ ಪ್ರಕಾರ’ ಎಂಬ ಕೊಂಡಿ ಹಿಡಿದು ಹಿಂದಕ್ಕೆ ಹೋಗಿ. ಹತ್ತೂ ಒಂದೇ ಪೋಸ್ಟಿಗೆ ತಲುಪಿದರೆ ನಿಮ್ಮ ಹತ್ತಿರ ಇರುವುದು ಒಂದು ಮೂಲ ಮತ್ತು ಒಂಬತ್ತು ನಕಲು.

ಅಂಕಿಲೆಕ್ಕ ಉತ್ತರಿಸಿದ್ದು:

ಸಮೀಕ್ಷೆ ಮತ್ತು ಅಂಕಿಯ ಭಾಗವನ್ನು ಮಾತ್ರ ಹೇಳುತ್ತೇನೆ.

ಯಾದೃಚ್ಛಿಕವಾಗಿ (ಚೀಟಿ ಎತ್ತಿದ ಹಾಗೆ, ಯಾರಿಗೂ ಒಲವು ತೋರದೆ) ಆರಿಸಿದ 1000 ಜನರ ಸಮೀಕ್ಷೆಯಲ್ಲಿ ಶೇ. 95 ವಿಶ್ವಾಸಮಟ್ಟಕ್ಕೆ ದೋಷದ ಅಂತರ ಹೆಚ್ಚುಕಡಿಮೆ ±3 ಶೇಕಡಾಂಶ, ಅಂದರೆ ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ ನಿಜವಾದ ಅಂಕಿ ಈ ಅಂತರದೊಳಗೆ ಇರುತ್ತದೆ. ಇದು ಒಂದು ಪಕ್ಷದ ಅಂಕಿಗೆ. ಇಬ್ಬರ ನಡುವಿನ ಮುನ್ನಡೆಗೆ ಅದು ಸುಮಾರು ಇಮ್ಮಡಿ. ಒಬ್ಬರಿಗೆ 44, ಇನ್ನೊಬ್ಬರಿಗೆ 41 ಎಂದರೆ ಮುನ್ನಡೆ 3, ಅದರ ಅಂತರ ±5.7. ಅಂದರೆ ನಿಜವಾದ ಮುನ್ನಡೆ 8ರ ಮೇಲೂ ಇರಬಹುದು, ಎದುರಾಳಿಯೇ 2 ಅಂಶ ಮುಂದಿರಲೂಬಹುದು. ‘ಮುನ್ನಡೆ’ ಎಂಬ ಶೀರ್ಷಿಕೆಗೆ ಅಲ್ಲಿ ಆಧಾರವಿಲ್ಲ. ಅದೇ ಸಮೀಕ್ಷೆಯೊಳಗಿಂದ ‘ಯುವಕರಲ್ಲಿ ಇಷ್ಟು’ ಎಂದು 100 ಜನರ ಉಪಗುಂಪು ಎತ್ತಿ ತೋರಿಸಿದರೆ ಅದರ ಅಂತರ ±10. ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಜನ ಬೇಕು: 1000ಕ್ಕೆ ±3 ಆದರೆ, ±1.5ಕ್ಕೆ 4000.

ಇದೆಲ್ಲ ಯಾದೃಚ್ಛಿಕ ಆಯ್ಕೆ ಇದ್ದಾಗ ಮಾತ್ರ. ತಾವಾಗಿ ಬಂದು ಒತ್ತಿದ ಆನ್‌ಲೈನ್ ಮತಕ್ಕೆ ಎರಡು ಲಕ್ಷ ಕ್ಲಿಕ್ ಬಿದ್ದರೂ ಸಮೀಕ್ಷೆಯ ಬೆಲೆ ಇಲ್ಲ. ಇದಕ್ಕೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಿಂತ ದೊಡ್ಡ ಪಾಠ ಬೇಡ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರ ಎಣಿಸಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸಗಳನ್ನು ಫೋನ್ ಪುಸ್ತಕ, ಕಾರು ನೋಂದಣಿಯ ಪಟ್ಟಿಗಳಿಂದ ತೆಗೆದಿದ್ದರು, ಆ ಕಾಲದಲ್ಲಿ ಅವು ಉಳ್ಳವರ ಪಟ್ಟಿಗಳು. ಅದಕ್ಕಿಂತ ಎಷ್ಟೋ ಸಣ್ಣ ಮಾದರಿ ಹಿಡಿದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಗುಂಪಿಗೆ ಸಮೀಕ್ಷೆ ಹಾಕುವವರು ಐದು ವಿವರ ಕೊಡಲಿ: ಮಾಡಿದವರು ಯಾರು, ಹಣ ಕೊಟ್ಟವರು ಯಾರು, ಯಾವ ದಿನಗಳಲ್ಲಿ, ಎಷ್ಟು ಜನರನ್ನು ಹೇಗೆ ಆರಿಸಿ, ಕೇಳಿದ ಪ್ರಶ್ನೆಯ ಯಥಾವತ್ ಪದಗಳು. ಐದೂ ಇಲ್ಲದ ಅಂಕಿ ಗಾಳಿಮಾತಿಗೆ ಸಮ.

ಇನ್ನೊಂದು ಸಣ್ಣದು, ಆದರೆ ದಿನವೂ ಆಗುವ ತಪ್ಪು. ನಿರುದ್ಯೋಗ ಶೇ. 4ರಿಂದ 6ಕ್ಕೆ ಏರಿದರೆ ಅದು 2 ಶೇಕಡಾಂಶದ ಏರಿಕೆ, ಶೇ. 50ರಷ್ಟು ಹೆಚ್ಚಳ. ಎರಡೂ ನಿಜ. ಒಂದು ಪಕ್ಷದವರು 2 ಎನ್ನುತ್ತಾರೆ, ಇನ್ನೊಬ್ಬರು 50 ಎನ್ನುತ್ತಾರೆ. ಯಾವ ಅಂಕಿಯಿಂದ ಯಾವ ಅಂಕಿಗೆ ಎಂದು ಕೇಳಿದರೆ ವಾದ ಅಲ್ಲಿಗೇ ತಿಳಿಯಾಗುತ್ತದೆ.

ಓದುಬಳಗ ಕೇಳಿದ್ದು:

ಇಬ್ಬರಿಗೂ ಧನ್ಯವಾದ. ಹೇಳುವ ಬಗೆಯ ಪ್ರಶ್ನೆ ಉಳಿಯಿತು. ‘ತಿದ್ದಲು ಹೋದರೆ ಜನ ಇನ್ನೂ ಗಟ್ಟಿಯಾಗಿ ನಂಬುತ್ತಾರೆ, ಸುಮ್ಮನಿರುವುದೇ ಲೇಸು’ ಎಂದು ಒಬ್ಬ ಅಡ್ಮಿನ್ ವಾದಿಸುತ್ತಿದ್ದಾರೆ. ಇದು ನಿಜವೇ?

ಮರುಓದು ಉತ್ತರಿಸಿದ್ದು:

ಆ ಮಾತಿಗೆ ಮೂಲ 2010ರಲ್ಲಿ ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ ಪ್ರಕಟಿಸಿದ ಪ್ರಯೋಗ. ಕೆಲವು ವಿಷಯಗಳಲ್ಲಿ ತಿದ್ದುಪಡಿ ಓದಿದವರ ತಪ್ಪು ನಂಬಿಕೆ ಇನ್ನೂ ಬಲವಾಯಿತು ಎಂದು ಅದರಲ್ಲಿ ಕಂಡಿತ್ತು. ಆಮೇಲೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 10,000ಕ್ಕೂ ಹೆಚ್ಚು ಜನರ ಮೇಲೆ, 52 ವಿಷಯಗಳಲ್ಲಿ ಪರೀಕ್ಷಿಸಿದರು. ಆ ತಿರುಗೇಟು ಹೆಚ್ಚುಕಡಿಮೆ ಎಲ್ಲೂ ಕಾಣಲಿಲ್ಲ. ತಮ್ಮ ಪಕ್ಷಕ್ಕೆ ಒಗ್ಗದ ಸತ್ಯವನ್ನೂ ಜನ ಬಹುಮಟ್ಟಿಗೆ ಒಪ್ಪಿಕೊಂಡರು. ಹಾಗಾಗಿ ಸುಮ್ಮನಿರಲು ಅದನ್ನು ನೆಪ ಮಾಡಿಕೊಳ್ಳುವುದು ಬೇಡ. ತಿದ್ದುಪಡಿ ಕೆಲಸ ಮಾಡುತ್ತದೆ. ಹಾಗೆಂದು ಸತ್ಯ ತಿಳಿದ ಮಾತ್ರಕ್ಕೆ ಅವರ ಮತ ಬದಲಾಗುತ್ತದೆಂದು ಎಣಿಸಬೇಡಿ. ಗುಂಪಿನ ಗುರಿಯೂ ಅದಲ್ಲ.

ಕೆಡುವುದು ತಿದ್ದುವ ರೀತಿಯಲ್ಲಿ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆನಿಸತೊಡಗುತ್ತದೆ, ಸುಳ್ಳೆಂಬ ಚೀಟಿ ನೆನಪಿನಿಂದ ಬೇಗ ಉದುರುತ್ತದೆ, ಮಾತು ಉಳಿಯುತ್ತದೆ. ಕೇಳಿಕೇಳಿ ನಿಜವೆನಿಸುವ ಈ ಪರಿಣಾಮವನ್ನು 1977ರಲ್ಲೇ ಪ್ರಯೋಗದಿಂದ ತೋರಿಸಲಾಗಿದೆ. ಅಡ್ಮಿನ್‌ಗಳು ಬರೆಯುವ ಮೊದಲ ಸಾಲು ಇದಕ್ಕೇ ಮುಖ್ಯ. ಸಾಮಾನ್ಯವಾಗಿ ಬರೆಯುವುದು ಹೀಗೆ:

‘ಮತಗಟ್ಟೆಯ ಸಮಯ ಎರಡು ಗಂಟೆ ಕಡಿತವಾಗಿದೆ ಎಂಬ ಸುದ್ದಿ ಸುಳ್ಳು! ದಯವಿಟ್ಟು ನಂಬಬೇಡಿ!!’

ಮೊಬೈಲಿನ ನೋಟಿಫಿಕೇಶನ್‌ನಲ್ಲಿ ಮೊದಲ ಕೆಲವೇ ಪದಗಳು ಕಾಣುತ್ತವೆ. ‘ಸುಳ್ಳು’ ಎಂಬುದು ಕೊನೆಯಲ್ಲಿದೆ, ಅದು ಕತ್ತರಿಸಿ ಹೋಗುತ್ತದೆ. ಓದುಗರಿಗೆ ಉಳಿಯುವುದು ‘ಸಮಯ ಎರಡು ಗಂಟೆ ಕಡಿತ’. ಹೀಗೆ ಬರೆಯಿರಿ:

‘ಮತದಾನದ ಸಮಯ ಬದಲಾಗಿಲ್ಲ. ಚುನಾವಣಾ ಆಯೋಗದ ಪ್ರಕಟಣೆಯಲ್ಲಿರುವ ಸಮಯವೇ ಜಾರಿಯಲ್ಲಿದೆ (ಕೊಂಡಿ). ಬೇರೆ ಸಮಯ ತೋರಿಸುವ ಚಿತ್ರವೊಂದು ಓಡಾಡುತ್ತಿದೆ, ಅದರಲ್ಲಿರುವ ಆದೇಶದ ಸಂಖ್ಯೆ ಹಿಂದಿನ ಚುನಾವಣೆಯದ್ದು. ಹಳೆಯ ಆದೇಶದ ದಿನಾಂಕ ಮರೆಮಾಡಿ ಹಂಚಲಾಗಿದೆ. ಸಮಯ ಮೊದಲಿನಂತೆಯೇ ಇದೆ.’

ಮೊದಲು ಸತ್ಯ, ನಡುವೆ ಒಂದೇ ಬಾರಿ ಸುಳ್ಳಿನ ಉಲ್ಲೇಖ ಮತ್ತು ಅದು ಹೇಗೆ ಹುಟ್ಟಿತೆಂಬ ವಿವರ, ಕೊನೆಗೆ ಮತ್ತೆ ಸತ್ಯ. ‘ಹೇಗೆ ಹುಟ್ಟಿತು’ ಎಂಬ ಭಾಗ ಬಿಡಬೇಡಿ. ಸುಳ್ಳನ್ನು ಕಿತ್ತ ಜಾಗ ಖಾಲಿ ಉಳಿದರೆ ಮನಸ್ಸು ಹಳೆಯದನ್ನೇ ಮತ್ತೆ ತಂದು ತುಂಬಿಕೊಳ್ಳುತ್ತದೆ. ಸುಳ್ಳು ಚಿತ್ರವನ್ನು ಉದಾಹರಣೆಗೆ ಹಾಕಲೇಬೇಕಾದರೆ ಮೂಲೆಯಲ್ಲಿ ಸಣ್ಣ ಗುರುತು ಸಾಲದು, ಚಿತ್ರದ ಉದ್ದಗಲಕ್ಕೂ ಗೆರೆ ಎಳೆದು ‘ಸಂದರ್ಭ ತಪ್ಪು’ ಎಂದು ಬರೆದು ಹಾಕಿ. ಇಲ್ಲವಾದರೆ ನಿಮ್ಮ ಗುಂಪಿನಿಂದಲೇ ಅದು ಕತ್ತರಿಸಿಕೊಂಡು ಮುಂದಕ್ಕೆ ಹೋಗುತ್ತದೆ.

ಹಾಕಿದವರಿಗೆ ಮೊದಲು ಖಾಸಗಿಯಾಗಿ ತಿಳಿಸಿ: ‘ನೀವು ಹಾಕಿದ ವಿಡಿಯೊ 2010ರದ್ದು ಎಂದು ಸಿಕ್ಕಿದೆ, ಕೊಂಡಿ ಇಲ್ಲಿದೆ. ನೀವೇ ತೆಗೆಯುತ್ತೀರಾ?’ ಉದ್ದೇಶದ ಬಗ್ಗೆ ಒಂದು ಮಾತೂ ಬೇಡ. ಬಹುತೇಕ ಜನ ಕೆಡುಕಿಗಾಗಿ ಫಾರ್ವರ್ಡ್ ಮಾಡುವುದಿಲ್ಲ, ‘ಇದ್ದರೆ ಇರಲಿ, ತಿಳಿದಿರಲಿ’ ಎಂದು ಒತ್ತಿರುತ್ತಾರೆ. ಅರ್ಧ ಗಂಟೆ ಕೊಡಿ. ತೆಗೆದರೆ ಹೆಸರು ಹೇಳದೆ ಸರಿಯಾದ ಮಾಹಿತಿ ಮಾತ್ರ ಗುಂಪಿಗೆ ಹಾಕಿ. ಸುಮ್ಮನೆ ಡಿಲೀಟ್ ಮಾಡಿ ಬಿಟ್ಟರೆ ಈಗಾಗಲೇ ನೋಡಿದ ಇನ್ನೂರು ಜನರಿಗೆ ಉತ್ತರ ತಲುಪುವುದಿಲ್ಲ.

ತೀರ್ಪಿಗೆ ನಾಲ್ಕು ಪಟ್ಟಿ ಸಾಕು: ನಿಜ, ಸುಳ್ಳು, ಸಂದರ್ಭ ತಪ್ಪು, ಗೊತ್ತಾಗಿಲ್ಲ. ನಾಲ್ಕನೆಯದನ್ನು ಬಳಸಲು ಹಿಂಜರಿಯಬೇಡಿ. ಹತ್ತು ನಿಮಿಷದಲ್ಲಿ ತೀರ್ಮಾನವಾಗದ್ದನ್ನು ‘ಗೊತ್ತಾಗಿಲ್ಲ, ನಾಳೆ ಸಂಜೆಯವರೆಗೆ ತಡೆದಿದ್ದೇವೆ’ ಎಂದು ತಡೆಯಿರಿ. ಎಲ್ಲಕ್ಕಿಂತ ಮುಖ್ಯ, ಮೂವರು ಪರಿಶೀಲಕರು ಒಂದೇ ಪಕ್ಷದ ಕಡೆಯವರಾಗಬಾರದು. ವಾರದ ಕೊನೆಗೆ ಯಾವ ಪಕ್ಷಕ್ಕೆ ಅನುಕೂಲವಾದ ಎಷ್ಟು ಪೋಸ್ಟ್ ಪರೀಕ್ಷಿಸಿದಿರಿ ಎಂದು ಎಣಿಸಿ ನೋಡಿ. ಒಂದೊಂದು ತೀರ್ಪೂ ಸರಿಯಿದ್ದು, ಆರಿಸಿಕೊಂಡದ್ದೇ ವಾಲಿರುವುದುಂಟು.

ಅಚ್ಚುಮೊಳೆ ಉತ್ತರಿಸಿದ್ದು:

ಮೇಲಿನದೆಲ್ಲ ಸರಿ. ಆದರೂ ನನ್ನ ತಕರಾರು ಬೇರೆ. ದಿನಕ್ಕೆ ಮೂವತ್ತು ಸುಳ್ಳು ಹಿಡಿದ ಗುಂಪಿಗೆ ಮೂವತ್ತು ಸುಳ್ಳುಗಳ ವಿಚಾರ ಗೊತ್ತಿರುತ್ತದೆ, ಆಡಳಿತದ ವಿಚಾರ ಗೊತ್ತಿರುವುದಿಲ್ಲ. ಮತದಾರ ತಿಳಿದಿರಬೇಕಾದದ್ದರಲ್ಲಿ ಬಹುಪಾಲು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಏಕೆಂದರೆ ಸಾಮಾಜಿಕ ತಾಣಗಳು ತೋರಿಸುವ ಪೋಸ್ಟ್‌ಗಳ ಸಾಲು, ಅಂದರೆ ಫೀಡ್, ಅದಕ್ಕಾಗಿ ಕಟ್ಟಿದ್ದಲ್ಲ. 2021ರಲ್ಲಿ ಹೊರಬಂದ ಒಳದಾಖಲೆಗಳ ಪ್ರಕಾರ ಫೇಸ್‌ಬುಕ್ 2017ರಿಂದ ಇಮೋಜಿ ಪ್ರತಿಕ್ರಿಯೆಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಡುತ್ತಿತ್ತು, ಸಿಟ್ಟಿನ ಮುಖಕ್ಕೂ ಅಷ್ಟೇ. ಸಿಟ್ಟೇಳಿಸುವ ಪೋಸ್ಟ್ ಮೇಲಕ್ಕೇರಿತು. ಸಿಟ್ಟಿನ ಇಮೋಜಿಯ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಎಂಐಟಿಯ ಸೊರೂಷ್ ವೊಸೂಘಿ ಮತ್ತು ಸಂಗಡಿಗರು 2006ರಿಂದ 2017ರವರೆಗಿನ ಟ್ವಿಟರ್ ಹರಿವನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿ ರಿಟ್ವೀಟ್ ಆಗುವ ಸಾಧ್ಯತೆ ಶೇ. 70 ಹೆಚ್ಚು, 1500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಹೊತ್ತು ಬೇಕಾಯಿತು. ಬಾಟ್‌ಗಳನ್ನು (ತಂತ್ರಾಂಶವೇ ನಡೆಸುವ ಖಾತೆಗಳನ್ನು) ಲೆಕ್ಕದಿಂದ ತೆಗೆದರೂ ಫಲ ಬದಲಾಗಲಿಲ್ಲ. ಹರಡಿದ್ದು ಮನುಷ್ಯರೇ, ಸುಳ್ಳು ಹೆಚ್ಚು ಹೊಸದಾಗಿ ಕಂಡದ್ದರಿಂದ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವವರು ಮೊದಲೂ ಇದ್ದರು, ಈಗ ಕಟ್ಟುವ ಮೊದಲೇ ಸಾವಿರ ಜನಕ್ಕೆ ತಿಳಿಸಿರುತ್ತಾರೆ.

ವೇಗ ತಗ್ಗಿಸಿದರೆ ಫಲವಿದೆ ಎಂಬುದಕ್ಕೂ ಅಳತೆ ಇದೆ. 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್, ಐದು ಅಥವಾ ಹೆಚ್ಚು ಕೈ ದಾಟಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸುವಂತೆ ಮಿತಿ ಹಾಕಿತು. ಅಂಥ ಸಂದೇಶಗಳು ಶೇ. 70 ಇಳಿದವೆಂದು ಸಂಸ್ಥೆಯೇ ಹೇಳಿತು. ಹಾಗಾಗಿ ನಿಮ್ಮ ನಿಯಮದಲ್ಲಿ ಇದೊಂದು ಇರಲಿ: ಜೋಡಿ ಬಾಣದ ಗುರುತಿರುವ, ಅಂದರೆ ಹೀಗೆ ಹಲವು ಕೈ ದಾಟಿದ ಸಂದೇಶ ನೇರವಾಗಿ ಗುಂಪಿಗೆ ಬಾರದು, ಪರಿಶೀಲಕರಿಗೆ ಹೋಗಬೇಕು. ಕಳಿಸುವವರು ತಮ್ಮ ಮಾತಿನಲ್ಲಿ ಒಂದು ಸಾಲು ಬರೆಯಲಿ, ‘ಇದು ಏನು, ನನಗೆ ಎಲ್ಲಿಂದ ಬಂತು’. ಆ ಒಂದು ಸಾಲು ಬರೆಯುವ ಹೊತ್ತಿಗೆ ಅರ್ಧ ಫಾರ್ವರ್ಡ್‌ಗಳು ತಾವೇ ನಿಂತುಹೋಗುತ್ತವೆ.

ಇನ್ನು ಪತ್ರಿಕೋದ್ಯಮದ ಮಾತು. ನಗರಸಭೆಯ ಸಭೆಯಲ್ಲಿ ಮೂರು ಗಂಟೆ ಕೂತು, ಟೆಂಡರಿನ ಕಡತ ಓದಿ, ಎದುರು ಪಕ್ಷಕ್ಕೆ ಫೋನ್ ಮಾಡಿ ಉತ್ತರ ಕೇಳಿ ಬರೆಯುವುದು ಸಂಬಳದ ಕೆಲಸ. ಅದು ನಿಂತರೆ ಏನಾಗುತ್ತದೆ? ಅಮೆರಿಕದ ಕೌಂಟಿಗಳ (ನಮ್ಮ ಜಿಲ್ಲೆಯಂಥ ಘಟಕಗಳ) ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಥಳೀಯ ಪತ್ರಿಕೆ ಮುಚ್ಚಿದ ಕಡೆ ಸ್ಥಳೀಯ ಆಡಳಿತದ ಸಾಲದ ಬಡ್ಡಿ 0.05ರಿಂದ 0.11 ಶೇಕಡಾಂಶ ಏರಿತ್ತು. ನೋಡುವವರಿಲ್ಲದ ಆಡಳಿತಕ್ಕೆ ಸಾಲ ಕೊಡುವವರು ಹೆಚ್ಚು ಬಡ್ಡಿ ಕೇಳಿದರು. ನೂರು ಕೋಟಿ ಸಾಲಕ್ಕೆ ವರ್ಷಕ್ಕೆ ಐದರಿಂದ ಹನ್ನೊಂದು ಲಕ್ಷ, ಕಟ್ಟುವವರು ಅಲ್ಲಿನ ತೆರಿಗೆದಾರರು.

ಆದ್ದರಿಂದ ಗುಂಪಿನಲ್ಲಿ ಹಿಡಿಯುವ ಕೆಲಸದಷ್ಟೇ ಓದುವ ಕೆಲಸವೂ ಇರಲಿ. ವಾರಕ್ಕೆ ಒಂದು ಮೂಲ ದಾಖಲೆ ಸಾಕು: ಬಜೆಟ್ಟಿನ ಒಂದು ಇಲಾಖೆಯ ಪುಟ, ಒಂದು ಮಸೂದೆಯ ಪಠ್ಯ, ಲೆಕ್ಕಪರಿಶೋಧನಾ ವರದಿಯ ಒಂದು ಅಧ್ಯಾಯ. ಒಬ್ಬರು ಹದಿನೈದು ಸಾಲಿನಲ್ಲಿ ಬರೆಯಲಿ, ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಲಿ. ಬಜೆಟ್ ಓದುವಾಗ ಒಂದು ಎಚ್ಚರ: ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಖರ್ಚಾದದ್ದು ಮೂರು ಬೇರೆ ಬೇರೆ ಕಾಲಂ. ಈ ವರ್ಷದ ಅಂದಾಜನ್ನು ಹೋದ ವರ್ಷದ ಖರ್ಚಿನೊಂದಿಗೆ ಹೋಲಿಸಿ ‘ಹೆಚ್ಚಿಸಿದೆವು’ ಎನ್ನುವುದು ಹಳೆಯ ತಂತ್ರ. ಅಂದಾಜನ್ನು ಅಂದಾಜಿನೊಂದಿಗೆ, ಖರ್ಚನ್ನು ಖರ್ಚಿನೊಂದಿಗೆ ಇಟ್ಟು ನೋಡಿ.

ವರದಿ ಹಂಚುವಾಗ ಶೀರ್ಷಿಕೆಯನ್ನಷ್ಟೇ ಹಂಚಬೇಡಿ. ಶೀರ್ಷಿಕೆ ಬರೆಯುವವರು ಸಾಮಾನ್ಯವಾಗಿ ಡೆಸ್ಕಿನವರು, ವರದಿಗಾರರಲ್ಲ. ವರದಿಯ ಆರನೇ ಪ್ಯಾರಾದಲ್ಲಿರುವ ‘ಆದರೆ’ ಶೀರ್ಷಿಕೆಗೆ ಬರುವುದಿಲ್ಲ. ಪತ್ರಿಕೆಯನ್ನು ಅಳೆಯಲು ನಾನು ನೋಡುವುದು ತಿದ್ದುಪಡಿಯನ್ನು. ತಪ್ಪಾದಾಗ ಏನು ತಪ್ಪಾಯಿತು, ಯಾವಾಗ ತಿದ್ದಿದೆವು ಎಂದು ಅದೇ ಪುಟದಲ್ಲಿ ಬರೆಯುತ್ತದೆಯೇ, ಸದ್ದಿಲ್ಲದೆ ಬದಲಿಸಿಬಿಡುತ್ತದೆಯೇ? ತಿದ್ದುಪಡಿ ಪ್ರಕಟಿಸುವ ಪತ್ರಿಕೆಯನ್ನು ‘ಇವರದ್ದು ಯಾವಾಗಲೂ ತಪ್ಪು’ ಎಂದು ಹಳಿಯುವವರಿದ್ದಾರೆ. ಅದು ತಿರುಗುಮುರುಗು ನ್ಯಾಯ.

ಓದುಬಳಗ ಕೇಳಿದ್ದು:

ಬಾಣದ ಗುರುತಿನ ನಿಯಮ, ವಾರದ ದಾಖಲೆ ಎರಡನ್ನೂ ಸೇರಿಸುತ್ತಿದ್ದೇವೆ. ಕೊನೆಯದೊಂದು. ಎಐನಿಂದ ಮಾಡಿದ ಧ್ವನಿಯನ್ನು ಪತ್ತೆಹಚ್ಚುವ ತಾಣಗಳಿವೆಯಲ್ಲ, ಅವನ್ನು ಬಳಸಬಹುದೇ?

ಸುದ್ದಿಮೇಜು ಉತ್ತರಿಸಿದ್ದು:

ತೀರ್ಪಿಗೆ ಬಳಸಬೇಡಿ. ಅವು ಕೊಡುವುದು ಸಂಭವನೀಯತೆಯ ಅಂಕಿ. ಧ್ವನಿ ನಾಲ್ಕು ಕೈ ದಾಟಿ ಕುಗ್ಗಿ ಬಂದಾಗ, ಸ್ಪೀಕರಿನಲ್ಲಿ ನುಡಿಸಿ ಮತ್ತೊಂದು ಫೋನಿನಲ್ಲಿ ಮುದ್ರಿಸಿದಾಗ, ಹಿನ್ನೆಲೆಗೆ ಗದ್ದಲ ಸೇರಿಸಿದಾಗ ಅವು ಎರಡೂ ಕಡೆಗೆ ತಪ್ಪುತ್ತವೆ. ಬೆರಳೆಣಿಸುವುದು, ಕಣ್ಣು ಮಿಟುಕಿಸುವುದನ್ನು ನೋಡುವುದು ಮೊದಲಾದ ಚಿತ್ರದ ಗುರುತುಗಳೂ ಈಗ ಕೈಕೊಡುತ್ತವೆ. ಚಿತ್ರದ ಹುಟ್ಟನ್ನೂ ತಿದ್ದುಗಳನ್ನೂ ಫೈಲಿನೊಂದಿಗೇ ದಾಖಲಿಸುವ ಸಿ2ಪಿಎ ಎಂಬ ಮಾನದಂಡದ ಗುರುತು ಇದ್ದರೆ ಚಿತ್ರ ಎಲ್ಲಿ ಹುಟ್ಟಿತೆಂದು ತಿಳಿಯುತ್ತದೆ, ಆದರೆ ಸ್ಕ್ರೀನ್‌ಶಾಟ್ ತೆಗೆದರೆ ಅದು ಉಳಿಯದು. ಗುರುತಿಲ್ಲ ಎಂಬುದರಿಂದ ಏನನ್ನೂ ತೀರ್ಮಾನಿಸಬೇಡಿ.

ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ರ ಮತದಾನಕ್ಕೆ ಎರಡೇ ದಿನ ಮೊದಲು, ಪಕ್ಷದ ನಾಯಕರೊಬ್ಬರು ಪತ್ರಕರ್ತೆಯೊಂದಿಗೆ ಮತ ಅಕ್ರಮದ ಬಗ್ಗೆ ಮಾತಾಡಿದಂತಿರುವ ಧ್ವನಿ ಹರಡಿತು. ಪ್ರಚಾರ ನಿಷೇಧದ ಮೌನದ ಅವಧಿ ಅದು, ಮಾಧ್ಯಮಗಳಲ್ಲಿ ಉತ್ತರ ಕೊಡುವುದೇ ಕಷ್ಟ. ಇಬ್ಬರೂ ಅದು ನಕಲಿ ಎಂದರು. ಆ ವೇಳೆಯನ್ನು ಲೆಕ್ಕ ಹಾಕಿಯೇ ಬಿಟ್ಟಂತಿತ್ತು.

ಧ್ವನಿಗೆ ಕೇಳಬೇಕಾದ ಪ್ರಶ್ನೆಗಳು ಚಿತ್ರಕ್ಕೆ ಕೇಳಿದವೇ: ಮೊದಲು ಹಾಕಿದ ಖಾತೆ ಯಾವುದು, ಅದು ಹುಟ್ಟಿ ಎಷ್ಟು ದಿನವಾಯಿತು? ಪೂರ್ತಿ ಮುದ್ರಿಕೆ ಎಲ್ಲಿದೆ, ಮಾತಿನ ಹಿಂದೆ ಮುಂದೆ ಏನಿತ್ತು? ಯಾವ ದಿನದ್ದು, ಆ ದಿನ ಅವರು ಎಲ್ಲಿದ್ದರು? ಸಂಬಂಧಪಟ್ಟವರು ಏನೆನ್ನುತ್ತಾರೆ? ಅವರು ‘ನಕಲಿ’ ಎಂದ ಮಾತ್ರಕ್ಕೆ ನಕಲಿ ಎಂದೂ ಬರೆಯಬೇಡಿ. ಎಐ ಬಂದ ಮೇಲೆ ಅಸಲಿ ಧ್ವನಿಯನ್ನೂ ನಕಲಿ ಎಂದು ತಳ್ಳಿಹಾಕುವುದು ಸುಲಭವಾಗಿದೆ. ಇದನ್ನು ‘ಸುಳ್ಳುಗಾರನಿಗೆ ಸಿಗುವ ಲಾಭಾಂಶ’ ಎಂದು ಕಾನೂನು ಪ್ರಾಧ್ಯಾಪಕರಾದ ಬಾಬಿ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಹೆಸರಿಸಿದ್ದಾರೆ. ಮೂಲ ಸಿಗದ ಧ್ವನಿ ‘ಗೊತ್ತಾಗಿಲ್ಲ’ ಪಟ್ಟಿಯಲ್ಲೇ ಇರಲಿ. ಮತದಾನದ ಹಿಂದಿನ 48 ಗಂಟೆಗಳಲ್ಲಿ ಮೂಲವಿಲ್ಲದ ಧ್ವನಿ ಯಾವ ಪಕ್ಷದ್ದೇ ಆಗಿರಲಿ ಗುಂಪಿಗೆ ಹಾಕುವುದಿಲ್ಲ ಎಂದು ಈಗಲೇ, ಯಾರ ಧ್ವನಿಯೂ ಬರುವ ಮೊದಲೇ, ಪ್ರಕಟಿಸಿಬಿಡಿ. ಧ್ವನಿ ಬಂದ ಮೇಲೆ ಮಾಡುವ ನಿಯಮವನ್ನು ಯಾರೂ ನಂಬುವುದಿಲ್ಲ.

ಇನ್ನೊಂದು ವಿಷಯ ಬಿಟ್ಟುಹೋಗಿತ್ತು. ಪರೀಕ್ಷೆ ಶುರು ಮಾಡುವ ಮೊದಲೇ ದಾಖಲಿಸಿಕೊಳ್ಳಿ. ಸಾರ್ವಜನಿಕ ಪೋಸ್ಟ್ ಆದರೆ ವೇಬ್ಯಾಕ್ ಮಷೀನ್‌ನ ‘ಸೇವ್ ಪೇಜ್ ನೌ’ನಲ್ಲಿ ವಿಳಾಸ ಹಾಕಿ ಉಳಿಸಿ. ಲಾಗಿನ್ ಕೇಳುವ ಪುಟಗಳು ಅಲ್ಲಿ ಸರಿಯಾಗಿ ಉಳಿಯುವುದಿಲ್ಲ, ಅಂಥವಕ್ಕೂ ಮುಚ್ಚಿದ ಗುಂಪಿನ ಸಂದೇಶಗಳಿಗೂ ಬಂದ ದಿನ, ಗಂಟೆ, ಬಾಣದ ಗುರುತು ಒಂದೋ ಎರಡೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಫೈಲನ್ನು ಹೆಸರು ಬದಲಿಸದೆ ಬೇರೆ ಕಡೆ ಇಟ್ಟುಕೊಳ್ಳಿ. ಅದೇ ವಿಡಿಯೊ ಬೇರೆ ಒಕ್ಕಣೆ ಹೊತ್ತು ಮತ್ತೆ ಬಂದಾಗ ಹತ್ತು ನಿಮಿಷದ ಕೆಲಸ ಒಂದು ನಿಮಿಷಕ್ಕೆ ಮುಗಿಯುತ್ತದೆ.